ಲಕ್ಷ್ಮೀದೇವಿಯವರ ಹೆಸರಿನಲ್ಲಿ ನಾನು ಮಾಡಿದ್ದು

ಆ ಫೋಲ್ಡರ್ ಕಳಿಸಿದವನು ನಾನು. ಲಕ್ಷ್ಮೀದೇವಿಯವರಲ್ಲ. ರಾಯದುರ್ಗದ ಆಡಿಟರ್ ಆಫೀಸಿನ ಕೆಲಸದಿಂದ ಅವರನ್ನು ಬಿಡಿಸಿದ ದಿನವೇ ಇಷ್ಟನ್ನು ಹೇಳಬಹುದಿತ್ತು. ಹೇಳಲಿಲ್ಲ.

ಅದಕ್ಕೆ ಮೊದಲು ನಾನು ಬಹಳ ವರ್ಷ ಪತ್ರಿಕೆಯೊಂದಕ್ಕೆ ಈ ಕಡೆಯ ಸುದ್ದಿ ಬರೆಯುತ್ತಿದ್ದೆ. ಪತ್ರಿಕೆ ನಿಂತಿತು. ಕಾಮರ್ಸ್ ಓದಿದ್ದೆನಲ್ಲ, ಆಡಿಟರ್ ಹತ್ತಿರ ಸೇರಿಕೊಂಡೆ. ಆಗಷ್ಟೇ ಆಫೀಸಿನ ಲೆಕ್ಕವೆಲ್ಲ ಕ್ಲೌಡಿಗೆ ಹೋಗಿತ್ತು. ಗಿರಾಕಿಗಳು ನಮ್ಮ ಮೆಟ್ಟಿಲು ಹತ್ತಬೇಕಿರಲಿಲ್ಲ. ಲಿಂಕ್ ಕಳಿಸಿದರೆ ತಮ್ಮ ಕಾಗದಪತ್ರವನ್ನು ಫೋನಿನಲ್ಲೇ ನೋಡುತ್ತಿದ್ದರು. ಆದರೆ ಎಷ್ಟು ಲಾಗಿನ್ನೋ ಅಷ್ಟು ಬಾಡಿಗೆ. ಆಡಿಟರ್ ಒಂದೇ ಒಂದು ತೆಗೆದುಕೊಂಡರು — ಆಫೀಸಿನ ಹಳೆಯ ಅಕೌಂಟೆಂಟ್ ಲಕ್ಷ್ಮೀದೇವಿಯವರ ಹೆಸರಿನಲ್ಲಿ.

"ಮನ್ಯಾಗ ನಾಕ್ ಮಂದಿ ಅದಾರಂತ ನಾಕ್ ಬಾಗ್ಲಾ ಇಡಸ್ತೀವೇನ್ರಿ?" ಅಂದರು ಆಡಿಟರ್.

ಲಕ್ಷ್ಮೀದೇವಿ ಮಡಕಶಿರಾ ಕಡೆಯಿಂದ ರಾಯದುರ್ಗಕ್ಕೆ ಮದುವೆಯಾಗಿ ಬಂದವರು. ಮಾತಿಗೆ ಮಾತು ಬಿಡುತ್ತಿರಲಿಲ್ಲ. "ಹಂಗಾದ್ರೆ ನಾಲ್ಕು ಜನ ಮಾಡಿದ್ ಕೆಲ್ಸಾನೂ ನನ್ ಹೆಸ್ರಿಗೇ ಬತ್ತೈತೆ. ಸಂಬ್ಳಾನೂ ನಾಲ್ಕು ಪಟ್ಟು ಕೊಡಿ ಸಾರ್."

ಎಲ್ಲರೂ ನಕ್ಕೆವು.

ಜೀನ್ಸ್ ಹೊಲಿಸುವ ಅಣ್ಣತಮ್ಮಂದಿರಿಬ್ಬರು ನಮ್ಮ ಗಿರಾಕಿಗಳು. ಅಣ್ಣ ಬಳ್ಳಾರಿಯಲ್ಲಿ ತನ್ನದೇ ಬೇರೆ ಯೂನಿಟ್ ಹಾಕಲು ಬ್ಯಾಂಕ್ ಸಾಲಕ್ಕೆಂದು ನಮ್ಮಲ್ಲಿ ಕಾಗದ ಮಾಡಿಸುತ್ತಿದ್ದರು. ತಾನೇ ಹೇಳುವವರೆಗೆ ತಮ್ಮನಿಗೆ ತಿಳಿಯಬಾರದು ಎಂದಿದ್ದರು. ಒಂದು ಮಧ್ಯಾಹ್ನ ಆ ತಮ್ಮನೇ ಫೋನ್ ಮಾಡಿ ಜಿಎಸ್‌ಟಿ ರಿಟರ್ನ್‌ನ ಪ್ರತಿ ಕೇಳಿದರು. ಲಕ್ಷ್ಮೀದೇವಿ ಊಟಕ್ಕೆ ಹೋಗಿದ್ದರು. ಅವರ ಲಾಗಿನ್‌ನಲ್ಲಿ ನಾನು ಕೂತಿದ್ದೆ. ಇನ್ನೊಬ್ಬ ಗಿರಾಕಿಯೊಡನೆ ಮಾತಾಡುತ್ತಲೇ — ಒಂದು ಫೈಲ್ ಕಳಿಸುವ ಬದಲು ಇಡೀ ಫೋಲ್ಡರ್ ಕಳಿಸಿಬಿಟ್ಟೆ. ಅಣ್ಣನ ಬ್ಯಾಂಕ್ ಕಾಗದಗಳೂ ಅದರಲ್ಲೇ ಇದ್ದವು.

ಸಂಜೆ ಅಣ್ಣ ಬಂದರು. "ಹೊಲಿಯೋ ಮಂದಿ ಮುಂದ ತಮ್ಮ ನನಗ ಕಳ್ಳ ಅಂದ. ನಿಮ್ಮಾಗ ಯಾರ್ರಿ ಕೊಟ್ಟವ್ರು?"

ಯಾರು, ಯಾವಾಗ ಕಳಿಸಿದ್ದು ಎಂಬುದನ್ನು ಆಡಿಟರ್ ತೆರೆದು ನೋಡಿದರು. ಲಕ್ಷ್ಮೀದೇವಿಯವರ ಹೆಸರು ಇತ್ತು.

"ನಾನ್ ಊಟಕ್ಕೋಗಿದ್ದೆ ಸಾರ್," ಅಂದರು ಲಕ್ಷ್ಮೀದೇವಿ. ನನ್ನ ಕಡೆ ತಿರುಗಿದರು. "ನೀವಾದ್ರೂ ಹೇಳಣ್ಣ."

ಒಂದೇ ಹೆಸರಿನಲ್ಲಿ ಎಲ್ಲರೂ ಕೂರುವುದು ಆಡಿಟರಿಗೆ ಗೊತ್ತು. ಗಿರಾಕಿಯ ಮುಂದೆ ಅವರು ಅದನ್ನು ಒಪ್ಪಲಾರರು — ಅದು ನನಗೆ ಗೊತ್ತು. ನಾನಂದೆ:

"ನಾನೇನ್ ಹೇಳ್ಲಿ. ದಾಖಲೆದಾಗ ಐತಲ್ಲ."

ಒಂದು ಅಕ್ಷರವೂ ಸುಳ್ಳಲ್ಲ. ಸ್ವಂತ ಮಾತು ಸೇರಿಸಬೇಡ, ದಾಖಲೆಯಲ್ಲಿರುವುದನ್ನಷ್ಟೇ ಹೇಳು — ಪತ್ರಿಕೆಯಲ್ಲಿ ಕಲಿತದ್ದು. ಅಲ್ಲಿ ಇನ್ನೊಂದನ್ನೂ ಕಲಿಸಿದ್ದರು: ಗೊತ್ತಿದ್ದೂ ಬಿಟ್ಟರೆ, ಬರೆದಷ್ಟು ನಿಜವಾದರೂ ವರದಿ ಸುಳ್ಳೇ. ಆ ಸಂಜೆ ಅದು ನೆನಪಿಗೆ ಬರಲಿಲ್ಲ ಎಂದು ಹೇಳಲಾರೆ. ಬಂದಿತ್ತು.

ಆ ಸಂಜೆಯೇ ಲಕ್ಷ್ಮೀದೇವಿಯವರನ್ನು ಕೆಲಸದಿಂದ ಬಿಡಿಸಿದರು. ಊರಿನಲ್ಲಿ ಬೇರೆ ಯಾವ ಆಡಿಟರೂ ಅವರಿಗೆ ಕೆಲಸ ಕೊಡಲಿಲ್ಲ. ಗಿರಾಕಿಯ ಗುಟ್ಟು ಹೊರಗೆ ಹಾಕುವ ಹೆಂಗಸು ಎಂಬ ಮಾತು ಅವರಿಗಿಂತ ಮೊದಲೇ ಆಫೀಸು ಮುಟ್ಟುತ್ತಿತ್ತು. ಸಂತೆಯಲ್ಲಿ ಎದುರಾದರೆ ನಾನು ದಾರಿ ಬದಲಿಸುತ್ತಿದ್ದೆ. ಕೊನೆಗೆ ಅವರು ಸಂಸಾರ ಸಮೇತ ತವರಿನ ಕಡೆ ಹೋದರು. ಆಮೇಲೆ ಆಡಿಟರ್ ಸದ್ದಿಲ್ಲದೆ ಎಲ್ಲರಿಗೂ ಬೇರೆ ಬೇರೆ ಲಾಗಿನ್ ಕೊಡಿಸಿದರು. ನನ್ನ ಹೆಸರು ಪರದೆಯ ಮೇಲೆ ಬಂದ ಆ ಬೆಳಿಗ್ಗೆ ಕೆಲಸವೇ ಸಾಗಲಿಲ್ಲ. ಆದರೂ — ವರ್ಷಗಳು ಹೋದವು.

ಹೋದ ತಿಂಗಳು ಮಡಕಶಿರಾಕ್ಕೆ ಹೋದೆ. ಲಕ್ಷ್ಮೀದೇವಿ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೂತು ಜನರ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ತುಂಬುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ.

"ಅವತ್ತೇ ಗೊತ್ತಿತ್ತಣ್ಣ. ನಾನ್ ಊಟಕ್ಕೋದಾಗ ಅಲ್ಲಿದ್ದೋರು ನೀವೊಬ್ರೇ."

"ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರೆ ಯಾರ್ ನಂಬೋರು? ದಾಖಲೆ ನಿಮ್ ಕಡೆ ಇತ್ತಲ್ಲ." ಆಗ ತಲೆಯೆತ್ತಿದರು. "ನನ್ಗೆ ಹೇಳಿ ಏನ್ ಬಂತು? ಗೊತ್ತಿಲ್ದೋರ್ಗೆ ಹೇಳೋಗಿ."

ಟೀ ತರಿಸಿ ಕೊಟ್ಟರು. ಕುಡಿಯಬಾರದಿತ್ತು ಅನ್ನಿಸುತ್ತದೆ. ಕುಡಿದೆ.

ಆಡಿಟರಿಗೆ ಹೇಳಿದಾಗ, "ಹಳೇದ್ ಯಾಕ ಕೆದಕ್ತೀರಿ?" ಅಂದರು. ಜೀನ್ಸ್ ಯೂನಿಟ್‌ನ ಅಣ್ಣನಿಗೂ ಹೇಳಿದೆ. "ಆಯಮ್ಮನ ಬಗ್ಗೆ ಎಷ್ಟ್ ಕಡೆ ಹೇಳೀನ್ರಿ ನಾನು... ಈಗ ಅಲ್ಲೆಲ್ಲ ಯಾರ್ ಹೋಗ್ಬೇಕು?"

"ನಾನ್ ಹೋಗ್ತೀನ್ರಿ. ಎಲ್ಲೆಲ್ಲಿ ಹೇಳೀರಿ, ಹೇಳ್ರಿ."

ನೆನಪು ಮಾಡಿಕೊಂಡು ಒಂದೊಂದೇ ಹೇಳಿದರು.

ಇವತ್ತು ಬೊಮ್ಮನಹಾಳ್‌ನಲ್ಲಿರುವ ಆ ಅಣ್ಣನ ಬೀಗರ ಗೊಬ್ಬರದಂಗಡಿಗೆ ಹೋಗಿದ್ದೆ. ನಾನು ಯಾರ ವಿಷಯ ಎತ್ತಿದ್ದೇನೆಂದು ಅಂಗಡಿಯವರಿಗೆ ತಟ್ಟನೆ ಹೊಳೆಯಲಿಲ್ಲ.

"ಹಾಂ — ಗುಟ್ಟು ಹೊರಗ ಬಿಟ್ಟಾಕಿ, ಆಕೀನ ಅಲ್ಲೇನ್ರಿ? ಏನಾಕಿ ಹೆಸ್ರು?"

ಹೆಸರು ಹೇಳಿದೆ. ನನ್ನ ಹೆಸರನ್ನೂ ಹೇಳಿ, ನಡೆದದ್ದನ್ನು ಮೊದಲಿನಿಂದ ಹೇಳಿದೆ. ಅವರು ಪೂರ್ತಿ ಕೇಳಿದರೋ ಇಲ್ಲವೋ — ನಡುವೆ ಒಬ್ಬ ರೈತ ಯೂರಿಯಾ ಕೇಳಿಕೊಂಡು ಬಂದ. ಅವನು ಹೋಗುವವರೆಗೆ ಕಾದು, ಉಳಿದದ್ದನ್ನೂ ಹೇಳಿ ಮುಗಿಸಿದೆ.