ಇಟ್ಟಿಗೆಯೊಳಗಿನ ಹುಡುಗ

ಎರಡನೇ ಮಹಾಯುದ್ಧದ ಕಾಲ. ಮಿಲಿಟರಿ ಸೇರಿದೆ ಅಂದ ದಿನದಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟ. ಮಧುಗಿರಿಯ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ. ಹಟದಲ್ಲಿ ನನ್ನನ್ನೂ ಮೀರಿಸಿದ ಮನುಷ್ಯ. ಬಸ್ಸು ಹೊರಡುವ ಹೊತ್ತಿಗೆ ಮಾತ್ರ ಕಿಟಕಿಯ ಹತ್ತಿರ ಬಂದು, "ಇಟಲಿ ಕಡೆ ಹಾಕಿದ್ರೆ ಆ ಹುಡುಗ ಹೆಂಗವ್ನೆ ಅಂತ ನೋಡ್ಕೊಂಡು ಬಾ" ಅಂದ. ನೀನು ಹುಷಾರು ಅಂತ ಒಂದು ಮಾತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಹುಡುಗ ಅಂದರೆ ಫ್ಲಾರೆನ್ಸಿನ ಅಮೃತಶಿಲೆಯ ವಿಗ್ರಹ, ಹೆಗಲ ಮೇಲೆ ಕವಣೆ ಇಟ್ಟುಕೊಂಡು ಬೆತ್ತಲೆ ನಿಂತವನು. ಅವನ ಚಿತ್ರ ಅಪ್ಪನ ಕ್ಲಾಸಿನ ಗೋಡೆಯ ಮೇಲಿತ್ತು. ಹೆಡ್ಮಾಸ್ತರರು ಮುಖ ಸಿಂಡರಿಸಿದ್ದಕ್ಕೆ ಅಪ್ಪ ಕಾಗದದ ಪಂಚೆ ಕತ್ತರಿಸಿ ಅಂಟಿಸಿದ್ದ, ಅದಕ್ಕೆ ಜರಿ ಅಂಚು ಬೇರೆ ಬರೆದಿದ್ದ. ನನಗೊಂದು ಹೊಸ ಅಂಗಿ ಹೊಲಿಸುವುದು ಮಾತ್ರ ಅವನಿಗೆ ನೆನಪಾಗುತ್ತಿರಲಿಲ್ಲ.

ನಮ್ಮ ದಂಡು ಫ್ಲಾರೆನ್ಸಿಗೆ ಹೋಗಿಯೇ ಹೋಯಿತು. ಒಂದು ಮಧ್ಯಾಹ್ನ ರಜ ಸಿಕ್ಕಿದಾಗ ಶಿರಾದ ಗೆಳೆಯನನ್ನು ಕರೆದುಕೊಂಡು ಹೊರಟೆ. ಅವನು ಗಾರೆ ಕೆಲಸದ ಸಾಬರ ಮನೆಯವನು. ವಿಗ್ರಹವಿದ್ದ ಮ್ಯೂಸಿಯಮ್ಮಿನ ಕಾವಲಿನ ಮುದುಕ ನಮ್ಮನ್ನು ಒಳಗೆ ಕರೆದೊಯ್ದು ಬಹಳ ಹೆಮ್ಮೆಯಿಂದ ಕೈ ತೋರಿಸಿದ. ನೋಡಿದರೆ ಏನಿದೆ, ಮಣ್ಣಂಗಟ್ಟಿ! ನೆಲದಿಂದ ಎತ್ತರಕ್ಕೆ ಇಟ್ಟಿಗೆಯ ಗುಮ್ಮಟ, ನಮ್ಮ ಕಡೆಯ ರಾಗಿ ಕಣಜದ ಹಾಗೆ. ಬಾಂಬು ಬಿದ್ದರೆ ಪೆಟ್ಟಾಗಬಾರದು ಅಂತ ಹುಡುಗನನ್ನು ನಿಂತ ಹಾಗೆಯೇ ಒಳಗಿಟ್ಟು ಕಟ್ಟಿಬಿಟ್ಟಿದ್ದರು.

ಗೆಳೆಯ ಗೋಡೆ ತಟ್ಟಿ ನೋಡಿ, ಕೆಲಸ ಪರವಾಗಿಲ್ಲ ಅಂದ. ನಾನೇನು ಮಾಡಲಿ? ಬಾಗಿಲು ಹಾಕಿದ ಗುಡಿಯಿಂದ ಸುಮ್ಮನೆ ತಿರುಗಿ ಬರುವ ಪದ್ಧತಿ ನಮ್ಮಲ್ಲಿಲ್ಲ. ಹೊರಗಿನಿಂದಲೇ ಸುತ್ತು ಹಾಕಿ ಕೈ ಮುಗಿದರೆ ದರ್ಶನ ಆದ ಹಾಗೆ. ಬೂಟು ಬಿಚ್ಚಿ ಪ್ರದಕ್ಷಿಣೆ ಶುರು ಮಾಡಿದೆ. ಗುಮ್ಮಟ ಅಂದ ಮೇಲೆ ಮರ್ಯಾದೆ ಮರ್ಯಾದೆಯೇ ಅಂತ ಗೆಳೆಯ ತಲೆಗೆ ಕರ್ಚೀಫು ಕಟ್ಟಿಕೊಂಡು ಹಿಂದೆ ಬಂದ. ಮುದುಕನಿಗೆ ಏನನ್ನಿಸಿತೋ, ಟೋಪಿ ತೆಗೆದು ಅವನೂ ಸೇರಿಕೊಂಡ. ಅಷ್ಟರಲ್ಲಿ ಬಂದ ಬಿಳಿ ಸೋಲ್ಜರುಗಳು ಇಲ್ಲೇನೋ ಹಂಚುತ್ತಿದ್ದಾರೆಂದು ಮಗ್ಗು ಹಿಡಿದು ಸಾಲು ನಿಂತರು. ಸಾಲು ಸುತ್ತುತ್ತಲೇ ಇತ್ತು, ನಿಲ್ಲಿಸುವವರೇ ಇಲ್ಲ. ಕೊನೆಗೆ ಜೇಬಿನಲ್ಲಿದ್ದ ಬೆಲ್ಲದ ಚೂರನ್ನೇ ಪ್ರಸಾದ ಅಂತ ಎಲ್ಲರ ಕೈಗೂ ಹಾಕಿ ತಪ್ಪಿಸಿಕೊಂಡೆ.

ಯುದ್ಧ ಮುಗಿದು ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದ. ಆ ಹುಡುಗ ಹೇಗಿದ್ದಾನೆ ಅಂತಲೇ ಮೊದಲು ಕೇಳಿದ. ನನ್ನ ಪಿತ್ತ ಮತ್ತೆ ನೆತ್ತಿಗೇರಿತು. ಆದರೂ ಗುಮ್ಮಟ, ಪ್ರದಕ್ಷಿಣೆ, ಬೆಲ್ಲ, ಎಲ್ಲ ಹೇಳಿದೆ. ಅಕ್ಕಪಕ್ಕದವರು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ.

"ಬಾಂಬ್ ಬೀಳ್ತದೆ ಅಂತ ಅವ್ನ ಸುತ್ತ ಗೋಡೆ ಕಟ್ಟಿದ್ರಾ?" ಅಂದ.

"ಹೂಂ ಕಣಪ್ಪ. ಅವ್ನಿಗೆ ಒಂಚೂರೂ ಏನೂ ಆಗಿಲ್ಲ."

"ಅವಾಗ ನೀನೆಲ್ಲಿದ್ದೆ?"

"ಹೊರಗೆ" ಅಂದೆ.

ಅಪ್ಪ ಎದ್ದು ಬಂದು ನನ್ನ ತೋಳು, ಎದೆ, ಮಂಡಿ ಎಲ್ಲ ಮುಟ್ಟಿ ಮುಟ್ಟಿ ನೋಡಿದ. ಎಲ್ಲ ಸರಿಯಾಗಿದೆ ಅಂತ ಗೊತ್ತಾದ ಮೇಲೂ ಕೈ ಬಿಡಲಿಲ್ಲ.