ಟೈಲರ್ ಸಣ್ಣತಿಮ್ಮಪ್ಪ ಕತ್ತರಿಸಿದ ಭೂಮಂಡಲ

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಬಟ್ಟೆ ಹೊಲಿಯುವ ಸಣ್ಣತಿಮ್ಮಪ್ಪ ವಾರವೆಲ್ಲ ಊರಿನವರ ಅಳತೆ ತೆಗೆಯುತ್ತಾನೆ. ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಕೋಟೆಯ ಅಳತೆ ತೆಗೆಯುತ್ತಿದ್ದ. ಕಾವಲುಗಾರ ಆಚೆ ತಿರುಗಿದಾಗ ಗೋಡೆಗೆ ಟೇಪು ಹಿಡಿಯುವುದು, ಈಚೆ ತಿರುಗಿದಾಗ ಅದೇ ಟೇಪಿನಿಂದ ಬೆವರು ಒರೆಸಿಕೊಳ್ಳುವುದು. ಅಂಥ ಕಲ್ಲಿನ ಕೋಟೆಗೆ ಷರಟಿನ ಟೇಪು ಹಿಡಿದವನು ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು.

ಇದಕ್ಕೆಲ್ಲ ಕಾರಣ ಅವನ ತಾಯಿಯ ತವರುಮನೆಯ ಅಟ್ಟದಲ್ಲಿ ಸಿಕ್ಕಿದ ಒಂದು ಕಡತ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಸ್ಲೇಟಿನ ಹಾಗೆ ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದ ಹಳೆಯ ಕಾಲದ ಪುಸ್ತಕ. ಅಕ್ಷರ ಅವನಿಗೆ ಒಂದೂ ತಿಳಿಯಲಿಲ್ಲ. ಆದರೆ ನಡುವೆ ಒಂದು ಚಿತ್ರವಿತ್ತು: ಒಂದರೊಳಗೊಂದು ಏಳು ಸುತ್ತು, ನಟ್ಟನಡುವೆ ಒಂದು ಗುಡ್ಡ. ಚಿತ್ರದುರ್ಗದ ಸೀಮೆಯವನಿಗೆ ಏಳು ಸುತ್ತು ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದು ಕೋಟೆಯ ನಕ್ಷೆ. ಗುಡ್ಡದ ಗುರುತಿರುವಲ್ಲಿ ನಿಧಿ.

ಒಬ್ಬನೇ ಹುಡುಕಲು ಹೆದರಿಕೆಯಾಗಿ, ಹೊಳಲ್ಕೆರೆ ಕಡೆಯ ಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದ ಗೆಳೆಯ ಮಂಜಣ್ಣನನ್ನು ಪಾಲಿಗೆ ಸೇರಿಸಿಕೊಂಡ. ಒಬ್ಬರಿಗೊಬ್ಬರು ಮೋಸ ಮಾಡಬಾರದೆಂದು ಕಡತವನ್ನು ಎರಡು ತುಂಡು ಮಾಡಿ ಹಂಚಿಕೊಂಡರು. ಗುಡ್ಡವಿದ್ದ ಮಡಿಕೆ ಮಂಜಣ್ಣನ ಪಾಲಿಗೆ ಹೋಯಿತು. ಗುದ್ದಲಿ ಹಿಡಿಯುವ ಧೈರ್ಯ ಇಬ್ಬರಿಗೂ ಇಲ್ಲದ್ದರಿಂದ ಹಲವು ವರ್ಷ ಬರೀ ಅಳತೆಯಲ್ಲೇ ಸುಖವಾಗಿ ಕಳೆದವು. ಆಮೇಲೆ ಸಣ್ಣತಿಮ್ಮಪ್ಪ ಮೋಟಾರಿನ ಹೊಲಿಗೆ ಮಿಷನ್ ತಂದ. ನಿಧಿ ಸಿಕ್ಕಿಯೇ ತಂದಿದ್ದಾನೆ ಎಂದು ತೀರ್ಮಾನಿಸಿದ ಮಂಜಣ್ಣ ಆ ವಾರವೇ ಮಾತು ಬಿಟ್ಟ.

ಈ ಬೇಸಿಗೆಯಲ್ಲಿ ಹಳೆಯ ಕೈಬರಹಗಳ ಫೋಟೊ ತೆಗೆಯುವ ತಂಡವೊಂದು ಹೊಸದುರ್ಗಕ್ಕೆ ಬಂತು. ಹೆಂಡತಿ ಹನುಮಮ್ಮ ತಾನೇ ಟ್ರಂಕಿನಿಂದ ತುಂಡು ಕಡತ ತೆಗೆದು ಗಂಡನ ಕೈಗಿಟ್ಟಳು. "ಹೋಗಿ ಓದಿಸ್ಕಂಡ್ ಬರ್ರಿ. ನಿಧಿ ಇದ್ರೆ ಇವತ್ತೇ ಗೊತ್ತಾಗ್ಲಿ. ಇಲ್ದಿದ್ರೆ ಭಾನುವಾರ ಮನೆ ಹಂಚಾದ್ರೂ ಕೈಯಾಡ್ಸೀರಂತೆ."

ತಂಡದ ಅನುಪಮಾ ಮೇಡಂ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಮೇಡಂ, ಯಾವ ಬಾಗ್ಲಿಂದ ಒಳಗೆ ಹೋಗ್ಬೇಕು ಅಂತ ಬರ್ದೈತೆ?" ಸಣ್ಣತಿಮ್ಮಪ್ಪ ದನಿ ತಗ್ಗಿಸಿ ಕೇಳಿದ.

"ಇದು ಕೋಟೆ ಅಲ್ಲ ಯಜಮಾನ್ರೆ, ಭೂಮಂಡಲ. ಲೋಕ ಹಿಂಗೈತೆ ಅಂತ ಹಿಂದಿನೋರು ಬರ್ದಿಟ್ಟಿದ್ದು. ಒಂದೊಂದು ಸುತ್ತೂ ಒಂದೊಂದು ದ್ವೀಪ, ಮಧ್ಯೆ ಮಧ್ಯೆ ಸಮುದ್ರ. ಇದು ಉಪ್ಪುನೀರು, ಇದು ಕಬ್ಬಿನಹಾಲು, ಇದು ಹೆಂಡ. ಇಲ್ಲಿ ತುಪ್ಪ."

ಮೇಡಂ ಮೊಸರು, ಹಾಲು ದಾಟಿ ಸಿಹಿನೀರಿನ ಸಮುದ್ರ ಮುಟ್ಟುವ ಹೊತ್ತಿಗೆ ಸಣ್ಣತಿಮ್ಮಪ್ಪನಿಗೆ ಅದೇ ನೀರು ಬೇಕಾಗಿತ್ತು.

"ಅಕ್ಷರ ಎಲ್ಲಾ ಪಂಚಾಂಗದ ಲೆಕ್ಕ," ಎಂದರು ಅವರು. "ಅಧಿಕಮಾಸ ಯಾವಾಗ ಬರುತ್ತೆ, ಗ್ರಹಣ ಯಾವಾಗ ಹಿಡಿಯುತ್ತೆ ಅಂತ ಲೆಕ್ಕ ಹಾಕೋ ರೀತಿ. ಲೆಕ್ಕ ಏಳೆಂಟು ಶತಮಾನ ಹಳೇದು, ಈ ಪ್ರತಿ ಆಮೇಲೆ ಮಾಡ್ಕೊಂಡಿದ್ದು. ಆದ್ರೆ ಗ್ರಹಣದ ಲೆಕ್ಕ ಅರ್ಧಕ್ಕೇ ನಿಂತೈತಲ್ಲ. ಇನ್ನೊಂದು ತುಂಡು ಎಲ್ಲಿ? ಬಳಪದ ಬರಹ, ನೀರು ತಾಗಿದ್ರೆ ಅಳಿಸಿ ಹೋಗುತ್ತೆ. ನಾಳೆ ಸಂಜೆ ನಾವು ಹಿರಿಯೂರಿಗೆ ಹೊರಡ್ತೀವಿ."

ಮನೆಯಲ್ಲಿ ಹನುಮಮ್ಮ ಎಲ್ಲ ಕೇಳಿ, "ಇಷ್ಟು ವರ್ಷ ತುಪ್ಪದ ಸಮುದ್ರದ ದಂಡೇಲಿ ಓಡಾಡಿ ಒಂದು ಚಮಚನಾದ್ರೂ ತರಲಿಲ್ವಲ್ರಿ," ಎಂದಳು. ಅದನ್ನು ಅವನು ನುಂಗಿಕೊಂಡ. ನಿಧಿ ಹೋದದ್ದನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಗ್ರಹಣ. ಅಷ್ಟು ಕಾಲ ಉಳಿದು ಬಂದ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದ್ದು ಇಲಿಯಲ್ಲ, ಗೆದ್ದಲಲ್ಲ, ಅವನದೇ ಕತ್ತರಿ. ಸಂಜೆಯ ಮೊದಲೇ ಅವನು ಮಂಜಣ್ಣನ ಹಟ್ಟಿ ತಲುಪಿದ.

ಮಂಜಣ್ಣ ದೊಡ್ಡಿಯ ಮುಂದೆ ಕುಳಿತು ಹಗ್ಗ ಹೊಸೆಯುತ್ತಿದ್ದ.

"ಲೇ ಮಂಜ, ನಿಧಿ ಇಲ್ಲ ಕಣೋ."

ಮಂಜಣ್ಣ ತಲೆಯೆತ್ತಲಿಲ್ಲ. "ಸಿಕ್ತಾ?"

"ಇಲ್ಲ ಅಂದ್ನಲ್ಲೋ."

"ಇಲ್ಲ ಅಂತ ಹೇಳಾಕೆ ಯಾರಾದ್ರೂ ಹೊಸದುರ್ಗದಿಂದ ಬರ್ತಾರೇನಪ್ಪ? ಸಿಕ್ಕಿದ್ಮೇಲೇ ಬರಾದು."

"ಅದು ಕೋಟೆ ಅಲ್ವಂತೆ. ಭೂಮಂಡಲ ಅಂತೆ. ತುಪ್ಪದ ಸಮುದ್ರ, ಮೊಸರಿನ ಸಮುದ್ರ..."

"ಸುಳ್ಳಿಗೂ ಒಂದು ಅಳತೆ ಇರ್ಬೇಕು. ಟೈಲರು ನೀನು, ನಿಂಗೆ ಗೊತ್ತಿರ್ಬೇಕು."

ಇಲ್ಲ ಎಂದಷ್ಟೂ ಮಂಜಣ್ಣನ ಮನಸ್ಸಿನಲ್ಲಿ ನಿಧಿ ಕೊಪ್ಪರಿಗೆಯಿಂದ ಕೊಪ್ಪರಿಗೆಗೆ ಬೆಳೆಯುತ್ತಿತ್ತು. ವಾದ ಮಾಡಿ ಸುಸ್ತಾದ ಸಣ್ಣತಿಮ್ಮಪ್ಪ ಚೀಲದಿಂದ ತನ್ನ ತುಂಡು ತೆಗೆದು ಗೆಳೆಯನ ತೊಡೆಯ ಮೇಲಿಟ್ಟ.

"ತಗ, ಇದೂ ನಿಂದೇ. ಎರಡೂ ನಿನ್ನತ್ರಾನೇ ಇರ್ಲಿ. ನಾಳೆ ನೀನೇ ಹೋಗಿ ಓದಿಸ್ಕ. ನಾ ಬರಲ್ಲ. ಆ ಲೆಕ್ಕ ಒಂದು ಪೂರ್ತಿ ಆಗ್ಲಿ, ಅಷ್ಟೇಯ."

ಮಂಜಣ್ಣನ ಕೈಯಲ್ಲಿ ಹಗ್ಗ ನಿಂತಿತು. ಆ ತುಂಡನ್ನು ತಿರುವಿ ಮುರುವಿ ನೋಡಿದ. ಇದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕಿದ, ಸಿಗಲಿಲ್ಲ. ಎದ್ದು ಒಳಗೆ ಹೋಗಿ, ಕಂಬಳಿಯಲ್ಲಿ ಸುತ್ತಿದ್ದ ಒಂದು ಡಬ್ಬಿ ತಂದ. ಮಳೆಹನಿ ಹೋಗಲಿ, ಗಾಳಿಯೂ ಸೋಕದ ಹಾಗೆ ಮುಚ್ಚಿದ್ದ.

"ನೀ ಬರಲ್ಲ ಅಂದ್ರೆ ಹೆಂಗೆ?" ಎಂದ. "ಅಲ್ಲೇನಾದ್ರೂ ಸಿಕ್ಕಿದ್ರೆ ಆಮೇಲೆ ನನ್ ಮೇಲೆ ಅನುಮಾನ ಪಡ್ತೀಯ. ಇಬ್ರೂ ಹೋಗಾಣ."

ಮರುದಿನ ಎರಡು ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿದಾಗ ನಡುವೆ ಒಂದು ಸಾಲು ಕಾಣೆಯಾಗಿತ್ತು. ಎಳೆ ಬಿಡಬಾರದೆಂದು ಎರಡೂ ಕಡೆ ಯಾರೋ ಅಂಚು ಮಡಚಿ ಹೊಲಿದಿದ್ದರು.

"ಯಾರ ಕೆಲಸ ಇದು?" ಅನುಪಮಾ ಮೇಡಂ ಕೇಳಿದರು.

ಸಣ್ಣತಿಮ್ಮಪ್ಪ ಸೂರು ನೋಡಿದ. "ಇವಂದೇ," ಎಂದ ಮಂಜಣ್ಣ. "ಗಟ್ಟಿ ಹೊಲಿಗೆ ಮೇಡಂ, ಬಿಚ್ಚಾದು ಕಷ್ಟ."

ಮೇಡಂ ಹೇಳಿಕೊಟ್ಟ ಹಾಗೆ ಉಸಿರು ಬಿಗಿಹಿಡಿದು, ಸೂಜಿಯ ಮೊನೆಯಲ್ಲಿ ಒಂದೊಂದೇ ಹೊಲಿಗೆಯನ್ನು ಸಣ್ಣತಿಮ್ಮಪ್ಪ ಬಿಡಿಸಿದ. ಮಡಿಕೆಯೊಳಗೆ ಯಾರ ಕೈಯೂ ಸೋಕಿರಲಿಲ್ಲ. ಉಳಿದೆಲ್ಲ ಕಡೆ ಮಾಸಿದ್ದ ಬಳಪ ಅಲ್ಲಿ ಬೆಳಿಗ್ಗೆ ತಾನೇ ಬರೆದಂತೆ ಬೆಳ್ಳಗಿತ್ತು. ಮೇಡಂ ಆ ಸಾಲು ಹಿಡಿದು, ಈ ತುಂಡಿನಿಂದ ಆ ತುಂಡಿಗೆ ದಾಟಿ, ಗ್ರಹಣ ಬಿಡುವ ತನಕ ನಿಲ್ಲದೆ ಓದಿದರು. ಗೆಳೆಯರಿಗೆ ಒಂದಕ್ಷರ ಅರ್ಥವಾಗದಿದ್ದರೂ, ಮುಗಿದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

"ಈ ನಡುವಿಂದು ಮೇರು," ಎಂದರು ಮೇಡಂ ಕೊನೆಗೆ. "ಉತ್ತರಕ್ಕಿರೋ ಬಂಗಾರದ ಬೆಟ್ಟ ಅಂತ ಬರ್ದೈತೆ."

ಮಂಜಣ್ಣ ನೆಟ್ಟಗಾದ.

ಫೋಟೊ ತೆಗೆದು, ಎರಡೂ ತುಂಡುಗಳನ್ನು ಒಂದೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಅದು ಯಾರ ಮನೆಗೆ ಹೋಗಬೇಕೆಂದು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ದೊಡ್ಡ ಜಗಳವಾಯಿತು. ನಿನ್ನ ಹತ್ತಿರವೇ ಇರಲಿ ಎಂದು ಇವನು, ಬೇಡ ನಿನ್ನ ಹತ್ತಿರವೇ ಇರಲಿ ಎಂದು ಅವನು. ಹೊಳಲ್ಕೆರೆ ಬಸ್ಸು ಬಂದು ನಿಂತು, ಹೊರಟೂ ಹೋಯಿತು. ಮಂಜಣ್ಣ ಹತ್ತಲಿಲ್ಲ.

"ಅಲ್ಲಯ್ಯ, ಆ ಬೆಟ್ಟ ಯಾವ ದಿಕ್ಕಿಗೆ ಅಂದ್ರು ಮೇಡಂ?"

"ಉತ್ತರಕ್ಕೆ."

"ಅಂದ್ರೆ ದುರ್ಗದ ಆಚೆ, ತುರುವನೂರು ಕಡೆಗಾ?"

ಸಣ್ಣತಿಮ್ಮಪ್ಪ ಸ್ವಲ್ಪ ಯೋಚಿಸಿದ. "ಅದಕ್ಕಿಂತ ಇನ್ನೂ ಒಂಚೂರು ಮುಂದಿರ್ಬೇಕು," ಎಂದ.