ಹುಲ್ಲೋ, ಹುಳವೋ

"ಕೊಕ್ಕಲ್ಲಿ ಏನಿತ್ತೇ ತಾಯಿ, ಹುಲ್ಲೋ, ಹುಳಾನೋ?"

ಕೇಳಿದ್ದು ಯಾರನ್ನೂ ಅಲ್ಲ. ಕಂದು ಹಕ್ಕಿ ಆಗಲೇ ಜೊಂಡಿನೊಳಗೆ ಮರೆಯಾಗಿದೆ. ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಜೌಗಿನ ದಂಡೆಯಲ್ಲಿ ಮಡಚುವ ಸ್ಟೂಲಿನ ಮೇಲೆ, ಮೊಣಕಾಲುದ್ದ ರಬ್ಬರ್ ಬೂಟು ಹಾಕಿ ಕೂತ ಐವತ್ತೆಂಟರ ಹೆಂಗಸು ದುರ್ಬೀನು ಇಳಿಸುತ್ತಾರೆ. ತೊಡೆಯ ಮೇಲಿನ ಫಾರ್ಮಿನಲ್ಲಿ ಏನನ್ನೂ ಬರೆಯದೆ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾರೆ. ಹಕ್ಕಿ ಎಣಿಸುವ ಈಕೆಯನ್ನು ಸುತ್ತಲಿನವರು ಕರೆಯುವುದು ಗೂಡಕ್ಕ ಎಂದು.

ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ಹಕ್ಕಿಗಳು ಮರಿ ಮಾಡುವ ನಾಲ್ಕು ತಿಂಗಳು ದಿನಾ ಮೂರು ಕಿಲೋಮೀಟರ್ ನಡಿಗೆ. ಹದಿನಾಲ್ಕು ಕಡೆ ನಿಂತು, ಒಂದೊಂದು ಕಡೆಯೂ ಹತ್ತು ನಿಮಿಷ ತುಟಿಪಿಟಕ್ಕೆನ್ನದೆ ಕಾಯಬೇಕು. ಗಂಡು ಹಾಡಿದರೆ ಫಾರ್ಮಿನಲ್ಲಿ 'ಇರಬಹುದು'. ಜೋಡಿ ಗೂಡಿಗೆ ಹುಲ್ಲು ಹೊತ್ತರೆ 'ಬಹುತೇಕ'. ಮರಿಗೆ ಹುಳ ಒಯ್ದರೆ, ಇಲ್ಲವೇ ಮರಿಯ ಹಿಕ್ಕೆಯ ಬಿಳಿ ಚೀಲವನ್ನು ಹೊರಗೆ ತಂದು ಬಿಸಾಡಿದರೆ 'ಖಚಿತ'.

"ಮಗು ಇರೋ ಮನೆ ತೊಟ್ಟಿಲು ನೋಡಿದ್ರೇನೇ ಗೊತ್ತಾಗ್ಬೇಕಾ? ಹೊರಗೆ ಒಣಗೋ ಬಟ್ಟೆ ಹೇಳಲ್ವಾ?" ಎನ್ನುತ್ತಾರೆ.

ಮೊದಲ ವರ್ಷ ಈ ಜೊಂಡಿನಲ್ಲಿ ಹತ್ತೊಂಬತ್ತು ಜೋಡಿ ಇದ್ದವು. ಈಗ ಒಂದೇ. ಜೌಗಿಗೆ ಮಣ್ಣು ತುಂಬಿ ರಸ್ತೆ ಎಳೆಯಲು ಯಂತ್ರಗಳು ಬಂದು ನಿಂತಿವೆ. ಇವತ್ತು ಹನ್ನೆರಡು ಗಂಟೆಯೊಳಗೆ ಒಂದು 'ಖಚಿತ' ಕಚೇರಿಗೆ ಮುಟ್ಟಿದರೆ ಮರಿ ಹಾರುವವರೆಗೆ ಕೆಲಸ ನಿಲ್ಲುತ್ತದೆ. ಇಲ್ಲವಾದರೆ ನಾಳೆ ಶುರು.

ಗೂಡಿಗೇ ಹೋಗಿ ನೋಡಬಾರದೇ ಎಂದರೆ ದುರ್ಬೀನಿನ ಗಾಜು ಒರೆಸುತ್ತಾ ಹೇಳುತ್ತಾರೆ:

"ಮೂರನೇ ವರ್ಷ ಹೋಗಿದ್ದೆ. ಜೊಂಡು ಬಗ್ಗಿಸಿ ಇಣುಕಿದೆ. ಮೂರು ಮರಿ, ಇನ್ನೂ ಕಣ್ಣು ಬಿಟ್ಟಿರ್ಲಿಲ್ಲ. ಹಿಗ್ಗಿಕೊಂಡು ಬಂದೆ. ಬಗ್ಗಿಸಿದ ಜೊಂಡು ಮತ್ತೆ ನೆಟ್ಟಗಾಗ್ಲಿಲ್ಲ. ಕಾಗೆ ಅದೇ ಜಾಡಲ್ಲಿ ಹೋಯ್ತು. ಮಾರನೇ ದಿನ ತಾಯಿ ಹುಳ ಕಚ್ಕೊಂಡು ಖಾಲಿ ಗೂಡಿನ ಸುತ್ತ ಸುತ್ತಿದ್ದೇ ಸುತ್ತಿದ್ದು. ಆ ವರ್ಷದ ಫಾರ್ಮಲ್ಲಿ ಮಾತ್ರ 'ಖಚಿತ' ಅಂತಾನೇ ಇದೆ."

ಅಂದಿನಿಂದ ದಂಡೆ ದಾಟಿಲ್ಲ. ಗಂಡ ತೀರಿಹೋದ ವಾರವೂ ಬಂದು ಇಲ್ಲೇ ಕೂತಿದ್ದರಂತೆ. "ಮನೇಲಿ ಎಲ್ರೂ ಮಾತಾಡಿಸ್ತಿದ್ರು. ಇಲ್ಲಿ ಯಾರೂ ಮಾತಾಡಿಸಲ್ಲ."

ಹನ್ನೊಂದೂವರೆಗೆ ಅಣ್ಣನ ಮಗಳು ಸ್ಕೂಟರಿನಲ್ಲಿ ಬರುತ್ತಾಳೆ. ರಸ್ತೆಗೆ ತಕರಾರು ಹಾಕಿದವಳು ಅವಳೇ. ಫಾರ್ಮು ಒಯ್ಯಲು ಬಂದಿದ್ದಾಳೆ.

"ಏನತ್ತೆ, ಬೂಟಿಗೆ ಬೇರು ಬಂದಿದೆಯಾ?"

"ಸುಮ್ನಿರೇ, ಬಂತು."

ಹಕ್ಕಿ ಕೊಕ್ಕಿನಲ್ಲಿ ಏನನ್ನೋ ಹಿಡಿದು ಸರ್ರನೆ ಜೊಂಡಿಗಿಳಿಯುತ್ತದೆ. ಗಾಳಿ ಜೊಂಡನ್ನು ಮುಚ್ಚಿಬಿಡುತ್ತದೆ.

"ಹುಳಾನೇ ಅತ್ತೆ. ಬರೆದುಬಿಡು."

"ಕಂಡಿದ್ದು ಕೊಕ್ಕು. ಹುಳ ಕಾಣ್ಲಿಲ್ಲ." ಗೂಡಕ್ಕ 'ಬಹುತೇಕ' ಎಂಬಲ್ಲಿ ಗುರುತು ಹಾಕುತ್ತಾರೆ.

ಹುಡುಗಿ ಮಂಡಿಯೂರಿ ಅವರ ಮೊಣಕೈ ಹಿಡಿಯುತ್ತಾಳೆ. "ಹಾಗಾದ್ರೆ ಒಳಗೆ ಹೋಗಿ ನೋಡು. ಐದೇ ನಿಮಿಷ. ನಾಳೆ ಯಂತ್ರ ಇಳಿದ್ರೆ ಆ ಗೂಡು ಹೇಗೂ ಉಳಿಯಲ್ಲ. ನಿನ್ನ ದಮ್ಮಯ್ಯ ಅತ್ತೆ."

ಗೂಡಕ್ಕ ಫಾರ್ಮನ್ನು ಮಡಚಿ ಅವಳ ಕೈಗಿಡುತ್ತಾರೆ.

"ನಾನು ಹೋಗಲ್ಲ. ನೀನೂ ಹೋಗಕೂಡದು."